ರಾತ್ರಿ ಅಮ್ಮ ಸ್ವಿಚ್ ಆರಿಸುತ್ತಾಳೆ

ನಮ್ಮನೆಯಲ್ಲಿ ರಾತ್ರಿ ಮಲಗುವ ಮುಂಚೆ ಅಮ್ಮ ಒಂದು ಸುತ್ತು ಹೊಡೆಯುತ್ತಾಳೆ. ಹಿಂಬಾಗಿಲ ಚಿಲಕ, ಗ್ಯಾಸು, ಬಚ್ಚಲ ಒಲೆಯ ಬೆಂಕಿ, ಆಮೇಲೆ ಸ್ವಿಚ್ಚುಗಳು. ಟಿವಿ, ಮಿಕ್ಸಿ, ಮೊಬೈಲ್ ಚಾರ್ಜರು, ವೈಫೈ. ಎಲ್ಲಿ ಕೆಂಪು ಲೈಟು ಕಂಡರೂ ಆರಿಸುತ್ತಾಳೆ. ಗುಡುಗು ಶುರುವಾದರೆ ಆರಿಸುವುದಷ್ಟೇ ಅಲ್ಲ, ಪ್ಲಗ್ಗನ್ನೇ ಕಿತ್ತು ನೆಲಕ್ಕೆ ಹಾಕುತ್ತಾಳೆ. ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಡಿಲಿಗೆ ಒಂದು ಟಿವಿ, ಎರಡು ಮೋಡೆಮ್ಮು ಕಳಕೊಂಡ ಮನೆ ನಮ್ಮದು.

ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ಅದೇ ಮನೆಯ ಟಿವಿ ಸ್ಟ್ಯಾಂಡಿನ ಹಿಂದೆ, ದಿನದ 24 ಗಂಟೆಯೂ ಓಡುತ್ತಲೇ ಇರಬೇಕು ಅನ್ನುವ ಲೆಕ್ಕದಲ್ಲಿ ಒಂದು ಮೀಡಿಯಾ ಸರ್ವರ್, ಅಂದರೆ ಹಾಡು, ವಿಡಿಯೋ ಇಟ್ಟುಕೊಂಡು ಟಿವಿಗೆ ಕಳಿಸುವ ಕಂಪ್ಯೂಟರ್, ಕೂರಿಸಿ ಬೆಂಗಳೂರಿಗೆ ಬಂದೆ. ಆಮೇಲೆ ಊರಿಗೆ ಹೋದಾಗಲೆಲ್ಲ ಅದರ ಮುಂದೆ ಕೂತು ರಿಪೇರಿ ಮಾಡಿದೆ. ತಪ್ಪಿದ್ದು ನನ್ನ ಲೆಕ್ಕ ಅಂತ ಹೊಳೆಯಲು ಬಹಳ ಕಾಲ ಹಿಡಿಯಿತು.

ಅಟ್ಟದ ಟ್ರಂಕು

ಸಿನಿಮಾ ನೋಡಲು ಸರ್ವರ್ ಬೇಕಾಗಿರಲಿಲ್ಲ. ಅದಕ್ಕೆ ಅಮ್ಮನ ಮೊಬೈಲೇ ಸಾಕು. ಬೇಕಾಗಿದ್ದು ಅಪ್ಪಯ್ಯನ ಟ್ರಂಕಿಗಾಗಿ. ಅದರಲ್ಲಿ 140ರಷ್ಟು ಆಡಿಯೋ ಕ್ಯಾಸೆಟ್ಟುಗಳಿದ್ದವು. ಹೆಚ್ಚಿನವು ತಾಳಮದ್ದಳೆ. ದೇವಸ್ಥಾನದ ಪೌಳಿ ಇರಲಿ, ಯಾರದೋ ಮನೆಯ ಜಗಲಿ ಇರಲಿ, ಎಲ್ಲಿ ಕೂಟ ನಡೆದರೂ ಅಪ್ಪಯ್ಯ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತು ಭಾಗವತರ ಕಡೆಗೆ ಮೈಕು ತಿರುಗಿಸಿ ಇಡುತ್ತಿದ್ದರು. ಅದರ ಜೊತೆಗೆ ಅಕ್ಕನ ಮದುವೆಯ ವಿಎಚ್‌ಎಸ್, ಚಿಕ್ಕಪ್ಪನ ಮಗನ ಉಪನಯನದ ಸಿಡಿಗಳು, ಯಾವುದೋ ಕಾಲದ ಹ್ಯಾಂಡಿಕ್ಯಾಮಿನ ಪುಟ್ಟ ಟೇಪುಗಳು.

ಮಲೆನಾಡಿನ ಮಳೆಗಾಲ ಟೇಪಿಗೆ ಆಗಿಬರುವುದಿಲ್ಲ. ಬೂಷ್ಟು ಹಿಡಿಯುತ್ತದೆ. ವಿಎಚ್‌ಎಸ್ ಕ್ಯಾಸೆಟ್ಟಿನ ಕಿಂಡಿಯಲ್ಲಿ ಬಗ್ಗಿ ನೋಡಿದರೆ ಸುರುಳಿಯ ಅಂಚಿಗೆಲ್ಲ ಬಿಳಿ ಪುಡಿ. ಹಾಗೇ ಹಾಕಿದರೆ ಬೂಷ್ಟು ವಿಸಿಆರ್‌ನ ಹೆಡ್ಡಿಗೆ ಹತ್ತುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಅದನ್ನೆಲ್ಲ ಒರೆಸಿ, ಒಣಗಿಸಿ, ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ್ದು ಬೇರೆಯೇ ಕತೆ. ಒಂದು ಮಾತು ಮಾತ್ರ ಹೇಳುತ್ತೇನೆ. ಈ ಕೆಲಸಕ್ಕೆ ಒಳದಾರಿ ಇಲ್ಲ. 60 ನಿಮಿಷದ ಕ್ಯಾಸೆಟ್ ಇಳಿಸಲು 60 ನಿಮಿಷ ಬೇಕು. 140 ಕ್ಯಾಸೆಟ್ಟಿಗೆ 140 ಗಂಟೆ. ನನ್ನ ಎರಡು ವರ್ಷದ ಭಾನುವಾರಗಳು ಹೋದವು.

ಒಂದೊಂದು ಕೂಟಕ್ಕೂ ಮೂರು, ನಾಲ್ಕು ಕ್ಯಾಸೆಟ್ ಹಿಡಿದಿತ್ತು. ಅವನ್ನೆಲ್ಲ ಜೋಡಿಸಿ ಒಂದೇ ಫೈಲ್ ಮಾಡಿದೆ. ಆದರೆ ಎ ಸೈಡು ಮುಗಿದು, ಅಪ್ಪಯ್ಯ ಕ್ಯಾಸೆಟ್ ತಿರುಗಿಸಿ ಮತ್ತೆ ರೆಕಾರ್ಡ್ ಒತ್ತುವಷ್ಟರಲ್ಲಿ ಅರ್ಧ ನಿಮಿಷದ ಮಾತು ಹೋಗಿರುತ್ತದೆ. ಅರ್ಥ ಹೇಳುವವರು ಕ್ಯಾಸೆಟ್ಟಿಗಾಗಿ ಕಾಯುವುದಿಲ್ಲವಲ್ಲ. ವಾಲಿಗೆ ಬಾಣ ತಗುಲಿದೆ. ಬಿದ್ದಲ್ಲಿಂದಲೇ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾನೆ. ನಿನಗೂ ನನಗೂ ಯಾವ ವೈರ ಇತ್ತು, ಮರದ ಮರೆಯಲ್ಲಿ ನಿಂತು... ಟಕ್. ಮರುಕ್ಷಣ ರಾಮ ಉತ್ತರ ಕೊಡುತ್ತಿದ್ದಾನೆ. ಮೊದಲ ಸಲ ಲ್ಯಾಪ್‌ಟಾಪಿನಲ್ಲಿ ಇದನ್ನು ಕೇಳಿಸಿದಾಗ ಅಪ್ಪಯ್ಯ ಆರಾಮ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಟಕ್ ಅಂದ ಕೂಡಲೇ ರಾಮನ ಮಾತಿನ ಮೇಲೆಯೇ ವಾಲಿಯ ಉಳಿದ ಮಾತನ್ನು ತಾವೇ ಹೇಳಿ ಮುಗಿಸಿದರು. ಕಣ್ಣು ತೆರೆಯಲಿಲ್ಲ. ಇದು ಟಿವಿಯಲ್ಲಿ, ದೊಡ್ಡ ಸ್ಪೀಕರಿನಲ್ಲಿ, ಅವರಿಗೆ ಬೇಕಾದಾಗ ಬರಬೇಕು ಅಂತ ನನಗೆ ಅನಿಸಿದ್ದು ಆವತ್ತೇ.

ಎಲೆ ಹಾಕಿದ ಮೇಲೆ ಹಿಟ್ಟು ರುಬ್ಬಿದ್ದು

ಮೊದಲು ತಂದಿದ್ದು ರಾಸ್ಪ್‌ಬೆರಿ ಪೈ 3. ಅಂಗೈಯಷ್ಟು ಬೋರ್ಡಿನ ಪುಟ್ಟ ಕಂಪ್ಯೂಟರು, ಒಂದು ಜಿಬಿ ರ‍್ಯಾಮ್, ಮೊಬೈಲ್ ಚಾರ್ಜರಿನಂಥದ್ದೇ ಒಂದು ಚಾರ್ಜರು. ಅದರ ಮೇಲೆ ಜೆಲ್ಲಿಫಿನ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಹಾಕಿದೆ. ಎಂಬಿ ಅನ್ನುವ ಸರ್ವರ್ ತನ್ನ ಕೋಡ್ ಮುಚ್ಚಿಕೊಂಡಾಗ, 2018ರ ಡಿಸೆಂಬರ್‌ನಲ್ಲಿ ಅದರಿಂದ ಕವಲೊಡೆದು ಹುಟ್ಟಿದ್ದು ಇದು. ದುಡ್ಡು ಕೊಡಬೇಕಾಗಿಲ್ಲ. ಯಾವ ಕಂಪನಿಯ ಅಕೌಂಟೂ ಬೇಡ. ಮಳೆಗಾಲದಲ್ಲಿ ಮೂರು ಮೂರು ದಿನ ಇಂಟರ್ನೆಟ್ ಇಲ್ಲದ ಊರಲ್ಲಿ ಈ ಎರಡನೆಯದೇ ದೊಡ್ಡದು. ಮನೆಯೊಳಗಿನ ಪೆಟ್ಟಿಗೆಯಿಂದ ಮನೆಯೊಳಗಿನ ಟಿವಿಗೆ ಹಾಡು ಹೋಗಲು ಹೊರಗಿನವರ ಅಪ್ಪಣೆ ಯಾಕೆ ಬೇಕು, ಅಲ್ವಾ?

ತಾಳಮದ್ದಳೆ ಚೆನ್ನಾಗಿ ಬಂತು. ನನಗೆ ಧೈರ್ಯ ಬಂತು. ಆ ದೀಪಾವಳಿಗೆ ದೊಡ್ಡಪ್ಪನ ಮನೆಯವರು, ಅಕ್ಕ ಭಾವ, ಮಕ್ಕಳು ಮರಿ ಸೇರಿ ಹದಿನಾಲ್ಕು ಜನ ಹಾಲಿನಲ್ಲಿ ಕೂತಿದ್ದರು. ಅಕ್ಕನ ಮಗುವಿನ ಹುಟ್ಟುಹಬ್ಬದ ವಿಡಿಯೋ ಹಾಕು ಅಂದರು. ಭಾವ ಐಫೋನಿನಲ್ಲಿ ತೆಗೆದದ್ದು. ಹಾಕಿದೆ. ಮಗು ಕೇಕಿಗೆ ಕೈ ಹಾಕುವಷ್ಟು ಬಂತು. ನಿಂತಿತು. ಪರದೆಯ ಮಧ್ಯೆ ಬಿಳಿ ಉಂಗುರ ಸುತ್ತತೊಡಗಿತು. ಮತ್ತೆ ನಾಲ್ಕು ಸೆಕೆಂಡು ಬಂತು, ಮತ್ತೆ ಉಂಗುರ. ಹದಿನಾಲ್ಕು ಜನ ಆ ಉಂಗುರವನ್ನು ನೋಡುತ್ತಾ ಕೂತರು. ದೊಡ್ಡಪ್ಪ ಎಲೆಯಡಿಕೆ ತಟ್ಟೆ ಎಳೆದುಕೊಂಡು, 'ಮೊದಲೆಲ್ಲ ಕ್ಯಾಸೆಟ್ ಹಾಕಿದ್ರೆ ಬರ್ತಿತ್ತಪ್ಪ' ಅಂದರು. ಅಷ್ಟೇ ಅಂದಿದ್ದು. ನನಗೆ ಸಾಕಾಯಿತು.

ಆಗಿದ್ದು ಇಷ್ಟು. ಐಫೋನುಗಳು 2017ರಿಂದ ವಿಡಿಯೋವನ್ನು ಎಚ್‌ಇವಿಸಿ ಅನ್ನುವ ರೂಪದಲ್ಲಿ ಉಳಿಸುತ್ತವೆ. ಫೈಲು ಸಣ್ಣದಾಗುತ್ತದೆ, ಆದರೆ ಅದನ್ನು ಬಿಚ್ಚುವ ಶಕ್ತಿ ಟಿವಿಗೂ ಇರಬೇಕು. ನಮ್ಮ ಟಿವಿ 2014ರದ್ದು. ಅದಕ್ಕೆ ಎಚ್.264 ಅನ್ನುವ ಹಳೆಯ ರೂಪ ಮಾತ್ರ ಗೊತ್ತು. ಹಾಗಾಗಿ ಸರ್ವರ್ ಒಂದು ಕೈಯಲ್ಲಿ ಎಚ್‌ಇವಿಸಿ ಬಿಚ್ಚುತ್ತಾ ಇನ್ನೊಂದು ಕೈಯಲ್ಲಿ ಎಚ್.264 ಕಟ್ಟಿ ಟಿವಿಗೆ ಬಡಿಸಬೇಕು. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಅನ್ನುತ್ತಾರೆ. ಜನ ಊಟಕ್ಕೆ ಕೂತ ಮೇಲೆ ಅಕ್ಕಿ ರುಬ್ಬಿ ದೋಸೆ ಹೊಯ್ದ ಹಾಗೆ. ದೊಡ್ಡ ಗ್ರೈಂಡರ್ ಇದ್ದರೆ ಹೇಗೋ ನಡೆಯುತ್ತದೆ. ನನ್ನದು ಪೈ 3. ಅದು ಒರಳುಕಲ್ಲು.

ಇಂಟರ್ನೆಟ್ಟಿನಲ್ಲಿ ಕೇಳಿದರೆ ಎಲ್ಲರೂ ಹೇಳುವುದು ದೊಡ್ಡ ಗ್ರೈಂಡರ್ ತಗೊಳ್ಳಿ ಅಂತಲೇ. ಇಂಟೆಲ್ಲಿನ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ ತಗೊಳ್ಳಿ, ಅದರೊಳಗೆ ಕ್ವಿಕ್ ಸಿಂಕ್ ಇದೆ, ವಿಡಿಯೋ ತಿರುಗಿಸಲೆಂದೇ ಬೇರೆ ಭಾಗ ಇದೆ, ಪ್ರೊಸೆಸರಿನ ಲೆಕ್ಕ ಬರೀ 6 ವ್ಯಾಟು. ಸುಳ್ಳಲ್ಲ. ದಿನಾ ಹೊಸ ಹೊಸ ಫೈಲು ಬರುವ, ಹೊರಗಿನಿಂದಲೂ ನಾಲ್ಕು ಜನ ನೋಡುವ ಮನೆಗೆ ಅದೇ ಸರಿ. ಆದರೆ ನಮ್ಮನೆಗೆ ಹೊಸದು ಬರುವುದು ವರ್ಷಕ್ಕೆ ಎರಡು ಸಲ. ಹಬ್ಬಕ್ಕೊಂದು, ಯಾರದಾದರೂ ಮದುವೆಗೊಂದು. ವರ್ಷಕ್ಕೆ ಎರಡು ದಿನ ರುಬ್ಬುವುದಕ್ಕೆ ಗ್ರೈಂಡರನ್ನು ಹಾಲಿನಲ್ಲಿ ಇಟ್ಟುಕೊಳ್ಳುವುದು ಯಾಕೆ? ಹಿಟ್ಟನ್ನು ಬೆಂಗಳೂರಿನಿಂದಲೇ ರುಬ್ಬಿ ತಂದರಾಯಿತಲ್ಲ.

ಹಾಗೇ ಮಾಡಿದೆ. ಇದ್ದಬದ್ದ ವಿಡಿಯೋ ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿನಲ್ಲಿ ಎಫ್ಎಫ್‌ಎಂಪೆಗ್ ಅನ್ನುವ, ವಿಡಿಯೋ ರೂಪ ಬದಲಿಸುವ ಸಾಫ್ಟ್‌ವೇರ್ ಹಾಕಿ ಒಂದೇ ರೂಪಕ್ಕೆ ತಂದೆ. ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ, ಎರಡನ್ನೂ ಕಟ್ಟಿಡಲು ಎಂಪಿ4. ಹತ್ತು ವರ್ಷ ಹಳೆಯ ಟಿವಿಯೂ ಓದುತ್ತದೆ, ಹೊಸ ಮೊಬೈಲೂ ಓದುತ್ತದೆ. ಹಳೆಯ ಟೇಪುಗಳಿಗೆ ಇನ್ನೊಂದು ಕೆಲಸ ಇತ್ತು. ಆ ಕಾಲದ ವಿಡಿಯೋದಲ್ಲಿ ಒಂದು ಚಿತ್ರದ ಬೆಸ ಗೆರೆ ಒಮ್ಮೆ, ಸಮ ಗೆರೆ ಇನ್ನೊಮ್ಮೆ ಬರುತ್ತವೆ. ಹೊಸ ಟಿವಿಯಲ್ಲಿ ಹಾಗೇ ಹಾಕಿದರೆ ಯಾರಾದರೂ ಕೈ ಬೀಸಿದಾಗ ಕೈಯ ಅಂಚಿಗೆ ಬಾಚಣಿಗೆ ಹಲ್ಲು ಮೂಡುತ್ತದೆ. ಅಕ್ಕನ ಮದುವೆಯಲ್ಲಿ ಅಕ್ಷತೆ ಹಾಕುವ ಭಾಗವಂತೂ ಬರೀ ಬಾಚಣಿಗೆ. ಎಫ್ಎಫ್‌ಎಂಪೆಗ್‌ನಲ್ಲಿ ಬಿಡಬ್ಲ್ಯುಡಿಐಎಫ್ ಅಂತ ಒಂದು ಫಿಲ್ಟರ್ ಇದೆ. ಅದನ್ನು ಹಾಕಿ ತಿರುಗಿಸಿದ ಮೇಲೆ ಅಕ್ಕಿಕಾಳು ಕಾಳಾಗಿ ಬಿತ್ತು. ಸಿಡಿಗಳಿಗೆ ಮಾತ್ರ ಏನೂ ಮಾಡಲಾಗಲಿಲ್ಲ. ವಿಸಿಡಿಯ ಚಿತ್ರ ಅಂದರೆ 352ಕ್ಕೆ 288 ಚುಕ್ಕಿ. ಇಲ್ಲದ ಮುಖವನ್ನು ಎಲ್ಲಿಂದ ತರುವುದು?

ಎಲ್ಲ ಮುಗಿದ ಮೇಲೆ ಒಟ್ಟು ನೋಡಿದರೆ 380 ಜಿಬಿ. ಅದರಲ್ಲಿ ತಾಳಮದ್ದಳೆ 140 ಗಂಟೆಯೂ ಸೇರಿ 8 ಜಿಬಿ ಅಷ್ಟೆ. ನಗು ಬಂತು. ಯಾರದೋ ಸಲಹೆ ಕೇಳಿ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ತಂದು, ರೇಡ್, ಅಂದರೆ ಬರೆದದ್ದೆಲ್ಲ ಎರಡೂ ಡಿಸ್ಕಿಗೆ ಒಟ್ಟಿಗೇ ಹೋಗುವ ಹಾಗೆ ಜೋಡಣೆ, ಮಾಡುವ ಯೋಚನೆಯಲ್ಲಿದ್ದೆ ನಾನು. ಒಂದು ಡಿಸ್ಕ್ ಸತ್ತರೂ ಟಿವಿ ನಿಲ್ಲಬಾರದು ಅನ್ನುವವರಿಗೆ ರೇಡ್. ತಪ್ಪಿ ಅಳಿಸಿದ ಫೈಲನ್ನು ಅದು ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಸುತ್ತದೆ. ನಮ್ಮನೆಯಲ್ಲಿ ಟಿವಿ ಒಂದು ವಾರ ನಿಂತರೆ ಯಾರೂ ಅಳುವುದಿಲ್ಲ. ಆ ವಾಲಿ ಹೋದರೆ ಕಷ್ಟ.

ಬಂದೂಕು ಹಿಡಿದ ವಟು

ಈ ಮಧ್ಯೆ ಒಂದು ತಮಾಷೆ. ಸರ್ವರ್ ತಾನೇ ಜಾಣತನ ತೋರಿಸಿ, ಫೋಲ್ಡರಿನ ಹೆಸರು ನೋಡಿ ಇಂಟರ್ನೆಟ್ಟಿನಿಂದ ಪೋಸ್ಟರು, ಕತೆ ಎಲ್ಲ ತಂದು ಅಂಟಿಸುತ್ತದೆ. ಸಿನಿಮಾಗಳಿಗೆ ಅದು ಅನುಕೂಲ. ಚಿಕ್ಕಪ್ಪನ ಮಗನ ಉಪನಯನಕ್ಕೆ ಅದು ಯಾವುದೋ ಇಂಗ್ಲಿಷ್ ಸಿನಿಮಾದ ಪೋಸ್ಟರ್ ಹಾಕಿತ್ತು. ಕಪ್ಪು ಕನ್ನಡಕದವನೊಬ್ಬ ಬಂದೂಕು ಹಿಡಿದು ನಿಂತಿದ್ದಾನೆ. ಅಮ್ಮ ಹತ್ತಿರ ಹೋಗಿ ನೋಡಿ, 'ಇವ ಯಾರ ಕಡೆಯವನೋ?' ಅಂತ ಕೇಳಿದಳು.

ಆ ಜಾಣತನವನ್ನು ಪೂರ್ತಿ ಬಂದ್ ಮಾಡಿದೆ. ಲೈಬ್ರರಿಯನ್ನು ಮನೆಯ ವಿಡಿಯೋ ಅಂತ ಬದಲಿಸಿ, ಒಂದೊಂದಕ್ಕೂ ಅದರೊಳಗಿನದೇ ಒಂದು ಚಿತ್ರ ತೆಗೆದು ಪೋಸ್ಟರ್ ಮಾಡಿದೆ. ಹೆಸರುಗಳನ್ನು ಕನ್ನಡದಲ್ಲೇ ಬರೆದೆ. ಆದರೆ ಮೊದಲು ಬರೆದ ಹೆಸರುಗಳು ಆಫೀಸಿನ ಕಡತದ ಥರ ಇದ್ದವು. ಮೊದಲು ವರ್ಷ, ಆಮೇಲೆ ಊರು, ಆಮೇಲೆ ಕಾರ್ಯಕ್ರಮ. ಅಮ್ಮ ಅದನ್ನು ಹಾಗೆ ಹುಡುಕುವುದೇ ಇಲ್ಲ. ಅವಳಿಗೆ ಅದು 'ಮಳೆ ಬಂದ ಮದುವೆ'. ಇನ್ನೊಂದು 'ಅತ್ತೆ ಇದ್ದಾಗಿನ ಗಣಪತಿ ಹಬ್ಬ'. ಒಂದು ಸಂಜೆ ಅವಳ ಪಕ್ಕ ಕೂತು, ಅವಳು ಹೇಳಿದ ಹಾಗೇ ಎಲ್ಲ ಹೆಸರು ತಿದ್ದಿದೆ. ಇಡೀ ಸರ್ವರಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಅದೇ ಇರಬೇಕು.

ಏಳಕ್ಕೆ ಏಳುವ ಸರ್ವರ್

ಪೈ ಹೆಚ್ಚು ದಿನ ಬಾಳಲಿಲ್ಲ. ಅದರ ಸಿಸ್ಟಮ್ ಎಲ್ಲ ಒಂದು ಮೆಮೊರಿ ಕಾರ್ಡಿನ ಮೇಲೆ ಇರುತ್ತದೆ. ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡ್ ಕೆಡುತ್ತದೆ. ಎರಡು ಕಾರ್ಡ್ ಕೆಟ್ಟ ಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಗೊಂಡೆ. ಯಾವುದೋ ಆಫೀಸಿನಿಂದ ಬಂದ ಮಾಲು, ದಪ್ಪ ಪುಸ್ತಕದಷ್ಟಿದೆ. 1 ಟಿಬಿ ಎಸ್‌ಎಸ್‌ಡಿ ಹಾಕಿದೆ. ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದರೆ ಸುಮ್ಮನಿದ್ದಾಗ 9 ವ್ಯಾಟು. ವರ್ಷವಿಡೀ ಓಡಿದರೂ 79 ಯೂನಿಟ್. ಅಟ್ಟದ ಮೇಲಿದ್ದ ನನ್ನ ಕಾಲೇಜು ದಿನಗಳ ಡೆಸ್ಕ್‌ಟಾಪ್ ಹಾಕಿದ್ದರೆ, ಅದರ 70 ವ್ಯಾಟಿಗೆ 613 ಯೂನಿಟ್ ಆಗುತ್ತಿತ್ತು. ಫೈಲೆಲ್ಲ ಮೊದಲೇ ರುಬ್ಬಿಟ್ಟಿದ್ದರಿಂದ ಪ್ರೊಸೆಸರಿಗೆ ಕೆಲಸವೇ ಇಲ್ಲ. ಕೇಳಿದ ಫೈಲನ್ನು ತೆಗೆದು ಕೊಡುವುದಷ್ಟೆ.

ರಾತ್ರಿ ಎರಡೂವರೆಗೆ ಹೊಸ ಫೈಲು ಹುಡುಕು, ಮೂರಕ್ಕೆ ಬ್ಯಾಕಪ್ ಮಾಡು ಅಂತ ಹೇಳಿಟ್ಟು ಬಂದೆ. ಎಂಟು ತಿಂಗಳು ಅಮ್ಮನ ಫೋನು ಬಂದರೂ ಟಿವಿ ವಿಷಯಕ್ಕೆ ಬರಲಿಲ್ಲ. ಗೆದ್ದೆ ಅಂದುಕೊಂಡೆ. ಯುಗಾದಿಗೆ ಹೋದಾಗ ಸುಮ್ನೆ ಒಮ್ಮೆ ನೋಡೋಣ ಅಂತ ಲಾಗಿನ್ ಆದೆ. ಕೊನೆಯ ಬ್ಯಾಕಪ್ಪಿನ ತಾರೀಕು ಎಂಟು ತಿಂಗಳ ಹಿಂದಿನದು. ನಾನೇ ಕೈಯಾರೆ ಮಾಡಿದ್ದು. ಆಮೇಲೆ ಒಂದೂ ಇಲ್ಲ. ಯಂತ್ರ ಯಾವಾಗ ಆನ್ ಆಯಿತು ಅನ್ನುವ ಪಟ್ಟಿ ತೆಗೆದರೆ ಪುಟಗಟ್ಟಲೆ ಇದೆ. ದಿನಕ್ಕೊಂದು ಸಾಲು. ಬೆಳಿಗ್ಗೆ 7.05, 6.58, 7.11. ನನ್ನ 24 ಗಂಟೆಯ ಸರ್ವರ್ ಪಾಪ ದಿನಾ ಏಳಕ್ಕೆ ಎದ್ದು ರಾತ್ರಿ ಒಂಬತ್ತೂವರೆಗೆ ಮಲಗುತ್ತಿತ್ತು. ಮೂರು ಗಂಟೆ ಅನ್ನುವ ಹೊತ್ತನ್ನು ಅದು ನೋಡಿಯೇ ಇಲ್ಲ.

ಅಮ್ಮನನ್ನು ಕೇಳಿದೆ. ತರಕಾರಿ ಹೆಚ್ಚುತ್ತಿದ್ದಳು. 'ಮತ್ತೆ? ರಾತ್ರಿ ಇಡೀ ಯಾರು ನೋಡ್ತಾರೆ ಮಾರಾಯ ಅದನ್ನ?' ಅಂದಳು.

ನಾನು ಮಾಡಿದ್ದು ಎಲ್ಲ ಸಾಫ್ಟ್‌ವೇರಿನವರೂ ಮಾಡುವಂಥದ್ದೇ. 'ದಯವಿಟ್ಟು ಆರಿಸಬೇಡಿ' ಅಂತ ಚೀಟಿ ಬರೆದು ಸ್ವಿಚ್ಚಿನ ಮೇಲೆ ಅಂಟಿಸಿದೆ. ಯುಪಿಎಸ್ ಬೆಲೆ ನೋಡಿದೆ. ಮಾರನೇ ದಿನ ಸಂಜೆ ಒಂದು ಗುಡುಗು. ಹೋಗಿ ನೋಡಿದರೆ ಪ್ಲಗ್ ನೆಲದ ಮೇಲೆ ಬಿದ್ದಿದೆ, ಚೀಟಿ ಅಲ್ಲೇ ಇದೆ. ನಾನು ಬಾಯಿ ಬಿಡುವ ಮುಂಚೆ ಅಮ್ಮನೇ ಹೇಳಿದಳು. 'ಗುಡುಗಿಗೆ ನಿನ್ನ ಚೀಟಿ ಓದಕ್ಕೆ ಬರತ್ತಾ?'

ಬರುವುದಿಲ್ಲ. ಯೋಚನೆ ಮಾಡುತ್ತಾ ಹೋದರೆ ಅವಳು ಮಾಡುತ್ತಿರುವುದೇ ಸರಿ. ಆ ಊರಿನಲ್ಲಿ ವಿದ್ಯುತ್ ಉಪಕರಣ ಉಳಿಸಿಕೊಳ್ಳುವ ದಾರಿ ಅಂದರೆ ವೈರು ಕೀಳುವುದು. ಮೋಡೆಮ್ಮಿಗೆ ಬರುವ ಕೇಬಲ್ಲನ್ನೂ ಸೇರಿಸಿ. ಯಾವ ಯುಪಿಎಸ್ಸೂ ಅದಕ್ಕಿಂತ ಗಟ್ಟಿಯಲ್ಲ. ಎಂದೂ ನಿಲ್ಲದ ಸರ್ವರ್ ಅನ್ನುವುದು ಡೇಟಾ ಸೆಂಟರಿನವರ ಚಟ. ಅಲ್ಲಿ ಜನರೇಟರ್ ಇದೆ, ಪಾಳಿಯ ಮೇಲೆ ಕಾಯುವವರಿದ್ದಾರೆ. ನಾನು ಹಗಲಿಡೀ ಅಂಥ ಕೆಲಸವನ್ನೇ ಮಾಡಿ, ಅದೇ ಚಟವನ್ನು ಊರಿಗೂ ಹೊತ್ತುಕೊಂಡು ಹೋಗಿದ್ದೆ. ಮನೆಯಲ್ಲಿ ಮಿಕ್ಸಿ ಹೇಗಿದೆಯೋ ಇದೂ ಹಾಗೇ ಇರಬೇಕು. ಸ್ವಿಚ್ ಹಾಕಿದರೆ ಶುರು, ತೆಗೆದರೆ ಬಂದ್. ಯಾವಾಗ ತೆಗೆದರೂ ಕೆಡಬಾರದು.

ಚೀಟಿ ಕಿತ್ತು, ಕೂತು ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಮಾಡಿದೆ. ಹಾಡು, ವಿಡಿಯೋ ಇರುವ ಭಾಗವನ್ನು ಓದಲು ಮಾತ್ರ ತೆರೆಯುವ ಹಾಗೆ ಬದಲಿಸಿದೆ. ಯಾರೂ ಅಲ್ಲಿ ಬರೆಯುವುದೇ ಇಲ್ಲ ಅಂದಮೇಲೆ ನಡುವೆ ಪ್ಲಗ್ ಕಿತ್ತರೆ ಫೈಲು ಅರ್ಧಂಬರ್ಧ ಆಗುವ ಮಾತೇ ಇಲ್ಲ. ಹೊಸದು ಹಾಕುವಾಗ ನಾನು ಹೋಗಿ ಬೀಗ ತೆಗೆಯುತ್ತೇನೆ. ರಾತ್ರಿಯ ಕೆಲಸಗಳನ್ನೆಲ್ಲ ಯಂತ್ರ ಎದ್ದ ಮೇಲೆ ಮಾಡು ಅಂತ ಬದಲಿಸಿದೆ. ಇದಕ್ಕೆ ದೊಡ್ಡ ವಿದ್ಯೆ ಬೇಡ. ಜೆಲ್ಲಿಫಿನ್ನಿನಲ್ಲಿ ಶುರುವಾದಾಗ ಮಾಡು ಅನ್ನುವ ಆಯ್ಕೆ ಇದೆ. ಯಂತ್ರ ನಡೆಸುವ ಲಿನಕ್ಸಿನ ಟೈಮರುಗಳಲ್ಲಿ ಪರ್ಸಿಸ್ಟೆಂಟ್ ಅಂತ ಒಂದು ಸಾಲು ಸೇರಿಸಿದರೆ, ತಪ್ಪಿಹೋದ ಕೆಲಸವನ್ನು ಎದ್ದ ಕೂಡಲೇ ಮಾಡಿ ಮುಗಿಸುತ್ತದೆ. ವರ್ಷಗಟ್ಟಲೆ ಆ ಸಾಲನ್ನು ಮ್ಯಾನುಯಲ್ಲಿನಲ್ಲಿ ನೋಡಿ, ಯಾರಿಗೆ ಬೇಕಪ್ಪ ಇದು ಅಂದುಕೊಂಡಿದ್ದೆ.

ಒಂದು ಫಜೀತಿ ಬಾಕಿ ಇತ್ತು. ಕರೆಂಟು ಬಂದ ಕೂಡಲೇ ತಾನೇ ಆನ್ ಆಗು ಅಂತ ಬಯೋಸ್‌ನಲ್ಲಿ, ಅಂದರೆ ಯಂತ್ರ ಎದ್ದ ಕೂಡಲೇ ಓದುವ ಸೆಟ್ಟಿಂಗಿನಲ್ಲಿ, ಹೇಳಿಟ್ಟಿದ್ದೆ. ಅದರಿಂದಲೇ ದಿನಾ ಏಳಕ್ಕೆ ಏಳುತ್ತಿದ್ದಿದ್ದು. ಮಳೆಗಾಲದ ಮಧ್ಯೆ ಒಂದು ದಿನ ಫೋನು ಬಂತು. 'ಇವತ್ತು ಅದರ ಲೈಟೇ ಬಂದಿಲ್ಲ.' ವಿಡಿಯೋ ಕಾಲ್ ಮಾಡಿ ಬಟನ್ ಒತ್ತಿಸಿದರೆ ಬಂತು. ಮಾರನೇ ದಿನ ಮತ್ತೆ ಇಲ್ಲ. ದೂರದಿಂದ ಲಾಗಿನ್ ಆಗಿ ದಾಖಲೆ ನೋಡಿದರೆ, ಪ್ರತಿ ಸಲ ಎದ್ದ ಮೊದಲ ಕೆಲವು ಸೆಕೆಂಡು ಯಂತ್ರ ತಾನು 2016ರಲ್ಲಿದ್ದೇನೆ ಅಂದುಕೊಂಡಿದೆ! ಒಳಗಿನ ಸಿಆರ್2032 ಅನ್ನುವ ಬಿಲ್ಲೆ ಬ್ಯಾಟರಿ ಸತ್ತಿತ್ತು. ಪ್ಲಗ್ಗಿನಲ್ಲೇ ಇದ್ದರೆ ಅದು ಸತ್ತಿದ್ದು ಗೊತ್ತೇ ಆಗುವುದಿಲ್ಲ. ದಿನಾ ಪ್ಲಗ್ ಕಿತ್ತರೆ ಗಡಿಯಾರ, ಸೆಟ್ಟಿಂಗು ಎರಡೂ ಮರೆತುಹೋಗುತ್ತವೆ. ಪೇಟೆಯ ವಾಚಿನ ಅಂಗಡಿಯಲ್ಲಿ 40 ರೂಪಾಯಿಗೆ ಬಿಲ್ಲೆ ಸಿಕ್ಕಿತು. ಹಳೆಯ ಮಿನಿ ಪಿಸಿ ತಗೊಳ್ಳುವವರು ಮನೆಗೆ ತಂದ ದಿನವೇ ಆ ಬಿಲ್ಲೆ ಬದಲಿಸಿ. ನಾನು ಕೊಡಬಹುದಾದ ಗಟ್ಟಿ ಸಲಹೆ ಇದೊಂದೇ.

ಉಳಿದದ್ದು ಚಿಕ್ಕಪುಟ್ಟದ್ದು. ಸರ್ವರಿನ ವಿಳಾಸ ಬದಲಾಗದ ಹಾಗೆ ರೌಟರಿನಲ್ಲಿ ಕಟ್ಟಿಹಾಕಿದ್ದೇನೆ. ಡೆಬಿಯನ್ ಅನ್ನುವ ಲಿನಕ್ಸಿನ ಭದ್ರತೆಯ ಅಪ್‌ಡೇಟುಗಳು ತಾವೇ ಬರುತ್ತವೆ. ಜೆಲ್ಲಿಫಿನ್ ಮಾತ್ರ ವರ್ಷಕ್ಕೊಮ್ಮೆ ದೀಪಾವಳಿಗೆ, ನಾನು ಎದುರಿಗಿದ್ದಾಗ. ಹಬ್ಬ ಮುಗಿದ ಮೇಲೆ, ಮುಂಚೆ ಅಲ್ಲ. ಒಂದು ಸಲ ಕಲಿತ ಪಾಠ ಸಾಕು. ಎಲ್ಲದರ ಒಂದು ಪ್ರತಿ ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಮಧ್ಯೆ ಒಂದು ಡಿಸ್ಕಿನಲ್ಲಿದೆ. ಮನೆಯಲ್ಲಿ ಬೂಷ್ಟು ಬರದ ಜಾಗ ಅಂದರೆ ಅದೊಂದೇ. ಇನ್ನೊಂದು ಪ್ರತಿ ಬೆಂಗಳೂರಿನಲ್ಲಿ ನನ್ನ ಹತ್ತಿರ. ಆ 4 ಟಿಬಿ ಡಿಸ್ಕುಗಳು ಕೊನೆಗೆ ಅದಕ್ಕಾದವು.

ಮೊನ್ನೆ

ಈ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಸಂಜೆ ನಾಲ್ಕೂವರೆಗೆ ಅಪ್ಪಯ್ಯ ವಾಲಿಯನ್ನು ಹಾಕಿಕೊಂಡು ಕೂತಿದ್ದರು. ರಿಮೋಟಿನಲ್ಲಿ ಅವರಿಗೆ ಗೊತ್ತಿರುವುದು ಮೂರು ಗುಂಡಿ. ಅಷ್ಟರಲ್ಲೇ ನಡೆಯುತ್ತದೆ. ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ವಾಲಿ ಬಿದ್ದಿದ್ದ, ಮಾತು ಏರುತ್ತಿತ್ತು. ಟಕ್ ಅನ್ನುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಷ್ಟರಲ್ಲಿ ಗುಡುಗಿತು. ಅಡಿಗೆಮನೆಯಿಂದ ಬಂದ ಅಮ್ಮ ನಮ್ಮಿಬ್ಬರ ಮುಖವನ್ನೂ ನೋಡದೆ, ಸೀದಾ ಹೋಗಿ ಎರಡೂ ಪ್ಲಗ್ ಕಿತ್ತಳು. ಟಿವಿ ಕಪ್ಪಾಯಿತು. ಮಿನಿ ಪಿಸಿಯ ಫ್ಯಾನು ಉಸಿರು ಬಿಟ್ಟು ನಿಂತಿತು.

ನನ್ನ ಕೈ ಅಭ್ಯಾಸಕ್ಕೆ ಲ್ಯಾಪ್‌ಟಾಪಿನ ಕಡೆಗೆ ಹೋಯಿತು. ಡೇಟಾಬೇಸ್ ಏನಾಯಿತೋ, ಎಲ್ಲಿಗೆ ನಿಂತಿತ್ತು ಅನ್ನುವುದು ಉಳಿದಿದೆಯೋ ಅಂತ. ಅಪ್ಪಯ್ಯ ಅಲ್ಲಾಡಲಿಲ್ಲ. ಕುರ್ಚಿಯಲ್ಲಿ ಒರಗಿಕೊಂಡೇ ವಾಲಿಯ ಮಾತನ್ನು ಮುಂದುವರಿಸುತ್ತಿದ್ದರು. ಹೊರಗೆ ದಪ್ಪ ದಪ್ಪ ಹನಿ ಹಂಚಿನ ಮೇಲೆ ಬೀಳತೊಡಗಿತು.

'ನೀ ಎಂತ ನೋಡ್ತಾ ಕೂತಿದೀಯ' ಅಂದಳು ಅಮ್ಮ. 'ಅಂಗಳದಲ್ಲಿ ಹಪ್ಪಳ ಇದೆ. ಓಡು.'